ಎರಡು ದಿನ ಕೊಟ್ಟರೆ ಸಿಗುವ ಸಿನಿಮಾ: ದಾಂಡೇಲಿಯಿಂದ ರಾಮೋಜಿ ಚಿತ್ರನಗರಿಗೆ

ದಾಂಡೇಲಿಯ ಹೋಂಸ್ಟೇ ನಡೆಸುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಬೆಳಿಗ್ಗೆ ಬಂದು ಸಂಜೆ ಹೊರಡುವ ಪ್ರವಾಸಿಗರು ಕಾಳಿ ನದಿಯಲ್ಲಿ ರಾಫ್ಟಿಂಗ್ ಮುಗಿಸಿ, ಒದ್ದೆ ಬಟ್ಟೆಯಲ್ಲೇ ಊಟ ಮಾಡಿ, ಕಾಡು ನೋಡದೆ ವಾಪಸಾಗುತ್ತಾರೆ. ಒಂದು ರಾತ್ರಿ ಉಳಿದವರಿಗಷ್ಟೇ ಊರು ಸ್ವಲ್ಪ ಕೈಗೆ ಸಿಗುತ್ತದೆ. ಇದೇ ಬುದ್ಧಿಮಾತು ಬಂಗೂರನಗರ, ಹಳಿಯಾಳ, ಜೋಯಿಡಾ, ಮುಂಡಗೋಡದ ಕುಟುಂಬಗಳು ತಾವೇ ಪ್ರವಾಸ ಹೊರಟಾಗ ನೆನಪಿಗೆ ಬರುವುದಿಲ್ಲ. ಮಕ್ಕಳು ‘ಬಾಹುಬಲಿಯ ಅರಮನೆ ನೋಡಬೇಕು’ ಎಂದು ಹಟ ಹಿಡಿದಿದ್ದಕ್ಕೆ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಹೈದರಾಬಾದಿನಲ್ಲಿ ಇಳಿದು, ನಿದ್ದೆಗಣ್ಣಲ್ಲೇ ರಾಮೋಜಿ ಚಿತ್ರನಗರಿಯೊಳಗೆ ಹೊಕ್ಕು, ಅದೇ ರಾತ್ರಿ ಮತ್ತೆ ಬಸ್ಸು ಹತ್ತುತ್ತಾರೆ. ಖರ್ಚು ಆಗಿರುತ್ತದೆ, ನೋಡಿದ್ದು ಮಾತ್ರ ಅರ್ಧ.

ಸಿನಿಮಾವನ್ನೇ ವಸ್ತುವಾಗಿಸಿಕೊಂಡ ಉದ್ಯಾನ ನಮ್ಮ ರಾಜ್ಯದಲ್ಲೂ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ಮೊದಲು ಇನ್ನೋವೇಟಿವ್ ಫಿಲಂ ಸಿಟಿ ಇತ್ತು. ‘ಬಿಗ್ ಬಾಸ್ ಕನ್ನಡ’ದ ಮನೆ ಅಲ್ಲೇ ಇದ್ದದ್ದು, 2018ರ ಬೆಂಕಿಯಲ್ಲಿ ಅದು ಸುಟ್ಟಿತು. ಈಗ ಬಿಡದಿಯಲ್ಲಿರುವುದು ಜಾಲಿವುಡ್ ಸ್ಟುಡಿಯೋಸ್. 2025ರ ಅಕ್ಟೋಬರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ ಅದಕ್ಕೆ ಬೀಗ ಬಿದ್ದು, ಕೆಲವೇ ದಿನಗಳಲ್ಲಿ ಮತ್ತೆ ತೆರೆಯಿತು. ಹಾಗಾಗಿ ಅತ್ತ ಹೊರಡುವವರು ಮೊದಲು ಫೋನು ಮಾಡಿ ವಿಚಾರಿಸಿಕೊಳ್ಳುವುದು ಕ್ಷೇಮ. ಕೈಯಲ್ಲಿ ಎರಡೇ ದಿನ ರಜೆ ಇದ್ದವರಿಗೆ, ಚಿಕ್ಕ ಮಕ್ಕಳಿದ್ದವರಿಗೆ ಬಿಡದಿ ಒಳ್ಳೆಯ ಆಯ್ಕೆ. ಪಕ್ಕದಲ್ಲೇ 2005ರಿಂದ ನಡೆಯುತ್ತಿರುವ ವಂಡರ್‌ಲಾ ಇದೆ. ಮೈಸೂರಿನ ಬಳಿ ಸರ್ಕಾರವೇ ಚಿತ್ರನಗರಿ ಕಟ್ಟುವ ಮಾತು ಬಜೆಟ್ಟಿನಿಂದ ಬಜೆಟ್ಟಿಗೆ ಬರುತ್ತಲೇ ಇದೆ. ಅದು ಕಟ್ಟಿ ನಿಲ್ಲುವವರೆಗೆ, ನಿಜವಾಗಿ ಚಿತ್ರೀಕರಣ ನಡೆಯುವ ದೊಡ್ಡ ಸ್ಟುಡಿಯೊ ಒಂದನ್ನು ಮಕ್ಕಳಿಗೆ ತೋರಿಸಬೇಕೆಂದರೆ ಹೈದರಾಬಾದಿಗೇ ಹೋಗಬೇಕು.

ರಾಮೋಜಿ ಚಿತ್ರನಗರಿ ಶುರುವಾದದ್ದು 1996ರಲ್ಲಿ. ‘ಈನಾಡು’ ಪತ್ರಿಕೆಯ ಸ್ಥಾಪಕ, ನಿರ್ಮಾಪಕ ರಾಮೋಜಿ ರಾವ್ ಅದನ್ನು ಕಟ್ಟಿಸಿದರು. 2024ರ ಜೂನ್ 8ರಂದು ಅವರು ತೀರಿಕೊಂಡರು. 1,666 ಎಕರೆಯ ಈ ಜಾಗವನ್ನು ಗಿನ್ನೆಸ್ ದಾಖಲೆ ಜಗತ್ತಿನ ಅತಿ ದೊಡ್ಡ ಚಲನಚಿತ್ರ ಸ್ಟುಡಿಯೊ ಸಂಕೀರ್ಣ ಎಂದು ಗುರುತಿಸಿದೆ. ಕನ್ನಡಿಗರಿಗೆ ಇದು ಪೂರ್ತಿ ಪರಸ್ಥಳವೇನಲ್ಲ. 2000ದ ಡಿಸೆಂಬರಿನಲ್ಲಿ ಆರಂಭವಾದ ಈಟಿವಿ ಕನ್ನಡ (ಈಗಿನ ಕಲರ್ಸ್ ಕನ್ನಡ) ವಾಹಿನಿಯ ಸುದ್ದಿ ವಿಭಾಗ ಕೆಲಸ ಮಾಡುತ್ತಿದ್ದುದು ಈ ಆವರಣದಿಂದಲೇ. ಉತ್ತರ ಕರ್ನಾಟಕದ ಎಷ್ಟೋ ಯುವ ಪತ್ರಕರ್ತರು ವೃತ್ತಿ ಕಲಿತದ್ದು ಅಲ್ಲಿ. ರಾಮೋಜಿ ರಾವ್ ಅವರ ಉಷಾಕಿರಣ ಮೂವೀಸ್ 2001ರಲ್ಲಿ ‘ಚಿತ್ರ’ ಎಂಬ ಕನ್ನಡ ಸಿನಿಮಾವನ್ನೂ ತಯಾರಿಸಿತ್ತು.

ಮೊದಲು ತೀರ್ಮಾನವಾಗಬೇಕಾದದ್ದು ತಿಂಗಳು. ಕಾಡಿನ ನೆರಳಲ್ಲಿ ಬೆಳೆದ ದಾಂಡೇಲಿ, ಜೋಯಿಡಾದ ಮಕ್ಕಳಿಗೆ ತೆಲಂಗಾಣದ ಬಯಲು ಬಿಸಿಲು ಹೊಸದು. ಏಪ್ರಿಲ್–ಮೇ ರಜೆಯಲ್ಲಿ ಹೈದರಾಬಾದಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಚಿತ್ರನಗರಿಯಲ್ಲಿ ದಿನದ ಬಹುಪಾಲು ಕಳೆಯುವುದು ಬಯಲಲ್ಲಿ, ತೆರೆದ ಬಸ್ಸಿನಲ್ಲಿ, ಉದ್ಯಾನದ ಕಲ್ಲುಹಾಸಿನ ಮೇಲೆ. ಬೇಸಿಗೆ ರಜೆಯೇ ಸಿಗುವುದು ಎನ್ನುವವರು ಬೇರೆ ಊರು ಆರಿಸಿಕೊಳ್ಳುವುದು ಮೇಲು. ನವೆಂಬರಿನಿಂದ ಫೆಬ್ರುವರಿವರೆಗಿನ ತಂಪು ದಿನಗಳೇ ತಕ್ಕ ಕಾಲ. ಅದರಲ್ಲೂ ಕ್ರಿಸ್‌ಮಸ್‌ನಿಂದ ಸಂಕ್ರಾಂತಿವರೆಗೆ ಜನಜಾತ್ರೆ. ಸಂಕ್ರಾಂತಿ ತೆಲುಗು ನಾಡಿನ ದೊಡ್ಡ ಹಬ್ಬ, ಆಗ ರೈಲು, ಬಸ್ಸು, ಹೋಟೆಲ್ ಮೂರೂ ತುಂಬಿರುತ್ತವೆ. ದಸರಾ ರಜೆ ನಡುದಾರಿ: ಮಳೆ ಹಿಂದೆ ಸರಿದಿರುತ್ತದೆ, ಶಾಲೆಗೂ ಬಿಡುವು. ಆದರೆ ತೆಲಂಗಾಣಕ್ಕೂ ಆಗಲೇ ದಸರಾ ರಜೆ ಎಂಬುದು ಲೆಕ್ಕದಲ್ಲಿರಲಿ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು ವಾರದ ನಡುವೆ ರಜೆ ಹೊಂದಿಸಿಕೊಂಡರೆ ಅದೇ ದೊಡ್ಡ ಲಾಭ. ಮಂಗಳವಾರ, ಬುಧವಾರ ಹೋದವರು ಸಾಲಿನಲ್ಲಿ ನಿಲ್ಲುವ ಹೊತ್ತು ಭಾನುವಾರ ಹೋದವರಿಗಿಂತ ಬಹಳ ಕಡಿಮೆ.

ದಾರಿ ಎಲ್ಲರಿಗೂ ಹುಬ್ಬಳ್ಳಿ ಅಥವಾ ಧಾರವಾಡದಿಂದಲೇ ಶುರು. ಹಳಿಯಾಳದವರಿಗೆ ಧಾರವಾಡ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿ, ಜೋಯಿಡಾದ ರಾಮನಗರ ಭಾಗದವರಿಗೆ ಲೋಂಡಾ. ವಾಸ್ಕೊ–ಸಿಕಂದರಾಬಾದ್ ನಡುವೆ 2024ರ ಅಕ್ಟೋಬರಿನಲ್ಲಿ ಶುರುವಾದ ವಾರಕ್ಕೆರಡು ದಿನದ ರೈಲು ಈ ಭಾಗಕ್ಕೆ ಅನುಕೂಲ ತಂದಿದೆ. ಅದು ಲೋಂಡಾ, ಹುಬ್ಬಳ್ಳಿ, ಗದಗ, ಕೊಪ್ಪಳ, ಬಳ್ಳಾರಿ, ಗುಂತಕಲ್ ಮಾರ್ಗವಾಗಿ ಹೋಗುತ್ತದೆ. ಓಡುವ ದಿನ ಬದಲಾಗುತ್ತಿರುತ್ತದೆ, ಕಾಯ್ದಿರಿಸುವಾಗ ನೋಡಿಕೊಳ್ಳಬೇಕು. 2024ರ ನವೆಂಬರ್ 1ರಿಂದ ರೈಲು ಟಿಕೆಟ್ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ದಸರಾ ರಜೆಗೆ ಹೊರಡುವವರು ಶ್ರಾವಣದಲ್ಲೇ ಕ್ಯಾಲೆಂಡರ್ ತೆರೆದು ಕೂರಬೇಕು. ತತ್ಕಾಲ್ ನಂಬಿಕೊಂಡು ಐದು ಜನರ ಕುಟುಂಬ ಹೊರಡುವುದು ಬೇಡ. ನಾಲ್ವರಿಗೆ ಸೀಟು ಸಿಕ್ಕಿ ಅಜ್ಜಿಯದು ವೇಟಿಂಗ್ ಲಿಸ್ಟಿನಲ್ಲಿ ಉಳಿದರೆ ಇಡೀ ಯೋಜನೆ ಮುರಿದು ಬೀಳುತ್ತದೆ.

ಹುಬ್ಬಳ್ಳಿ ನಿಲ್ದಾಣದ ಬಗ್ಗೆ ಒಂದು ಮಾತು. ಅಲ್ಲಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಉದ್ದದ್ದು. ಹೆಮ್ಮೆಯ ವಿಷಯವೇ. ಆದರೆ ಮಂಡಿನೋವಿನ ಹಿರಿಯರನ್ನು ಕರೆದುಕೊಂಡು ಹೋಗುವವರು ರೈಲು ಯಾವ ಪ್ಲಾಟ್‌ಫಾರ್ಮಿನ ಯಾವ ತುದಿಯಲ್ಲಿ ನಿಲ್ಲುತ್ತದೆ ಎಂದು ಮೊದಲೇ ಕೇಳಿ, ಆ ಬದಿಯ ಬಾಗಿಲಿಗೇ ಆಟೊ ಹಿಡಿಯಬೇಕು.

ಬಸ್ಸಿನವರಿಗೆ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಗಾಡಿಗಳೂ ಖಾಸಗಿ ಸ್ಲೀಪರ್‌ಗಳೂ ಹುಬ್ಬಳ್ಳಿಯಿಂದ ಇವೆ. ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ ಮಾತ್ರ. ದಾಂಡೇಲಿಯಿಂದ ಹುಬ್ಬಳ್ಳಿವರೆಗೆ ಹೆಣ್ಣುಮಕ್ಕಳಿಗೆ ಅದು ನಡೆಯುತ್ತದೆ, ಅಂತರರಾಜ್ಯ ಬಸ್ಸಿನಲ್ಲಿ ನಡೆಯುವುದಿಲ್ಲ. ಗುರುತಿನ ಚೀಟಿ ಪರ್ಸಿನಲ್ಲೇ ಇರಲಿ. ಹೋಟೆಲಿನಲ್ಲೂ ಅದನ್ನೇ ಕೇಳುತ್ತಾರೆ. ಸ್ವಂತ ಕಾರಿನವರು ಗದಗ, ಕುಷ್ಟಗಿ, ಸಿಂಧನೂರು, ರಾಯಚೂರು, ಮೆಹಬೂಬನಗರದ ದಾರಿ ಹಿಡಿದರೆ ಒಂದು ಹಗಲು ಪೂರ್ತಿ ಬೇಕು. ಹೈದರಾಬಾದು ನಗರದೊಳಕ್ಕೆ ಹೋಗಲೇಬಾರದು. ಶಂಷಾಬಾದಿನ ಬಳಿ ಹೊರವರ್ತುಲ ರಸ್ತೆ ಹತ್ತಿ ಪೆದ್ದ ಅಂಬರಪೇಟೆಯಲ್ಲಿ ಇಳಿದರೆ ವಿಜಯವಾಡ ಹೆದ್ದಾರಿ ಸಿಗುತ್ತದೆ, ಚಿತ್ರನಗರಿ ಅಲ್ಲಿಂದ ಹತ್ತಿರ.

ಬಹಳ ಮಂದಿಯ ಲೆಕ್ಕ ತಪ್ಪುವುದು ಸಿಕಂದರಾಬಾದಿನಲ್ಲಿ ಇಳಿದ ಮೇಲೆ. ಚಿತ್ರನಗರಿ ಇರುವುದು ನಗರದ ಇನ್ನೊಂದು ತುದಿಯಾಚೆ, ನಗರ ಮಧ್ಯದಿಂದಲೇ ಸುಮಾರು 30 ಕಿ.ಮೀ. ಮೆಟ್ರೊದಲ್ಲಿ ಎಲ್‌ಬಿ ನಗರದವರೆಗೆ ಬಂದು ಅಲ್ಲಿಂದ ಬಸ್ಸು ಅಥವಾ ಆಟೊ ಹಿಡಿಯಬಹುದು. ಸೂಟ್‌ಕೇಸು, ಮಕ್ಕಳು, ಹಿರಿಯರು ಎಲ್ಲ ಸೇರಿದ್ದರೆ ಟ್ಯಾಕ್ಸಿಯೇ ಲೇಸು. ಹೆದ್ದಾರಿಯ ಟಿಕೆಟ್ ಕೌಂಟರ್ ತಲುಪಿದ ಮಾತ್ರಕ್ಕೆ ಒಳಗೆ ಬಂದಂತೆಯೂ ಅಲ್ಲ. ಅಲ್ಲಿಂದ ಚಿತ್ರನಗರಿಯದೇ ಬಸ್ಸು ಹತ್ತಿ ಒಳಗಿನ ‘ಯುರೇಕಾ’ ಆವರಣಕ್ಕೆ ಹೋಗಬೇಕು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಾಗಿಲು ತೆರೆಯುವ ಹೊತ್ತಿಗೇ ಕೌಂಟರಿನಲ್ಲಿರುವವರಿಗೆ ಮಾತ್ರ ದಿನ ಪೂರ್ತಿ ದಕ್ಕುತ್ತದೆ.

ಆದ್ದರಿಂದ ರಾತ್ರಿ ಪ್ರಯಾಣದ ಮರುದಿನವೇ ಚಿತ್ರನಗರಿ ಎಂಬ ಯೋಚನೆಯನ್ನು ಕೈಬಿಡಬೇಕು. ಹಳಿಯಾಳದ ಒಂದು ಕುಟುಂಬ ಎಂದಿಟ್ಟುಕೊಳ್ಳೋಣ: ಅಪ್ಪ, ಅವ್ವ, ಅಜ್ಜಿ, ಏಳನೆಯ ತರಗತಿಯ ಹುಡುಗಿ, ಐದು ವರ್ಷದ ತಮ್ಮ. ಇವರು ತಲುಪಿದ ದಿನ ಜಳಕ ಮುಗಿಸಿ, ಮಧ್ಯಾಹ್ನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ ನೋಡಬಹುದು (ಶುಕ್ರವಾರ ರಜೆ). ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಬಂದು ಗಂಟೆ ಬಾರಿಸುವ ಅಲ್ಲಿಯ ಗಡಿಯಾರದ ಮುಂದೆ ಐದು ವರ್ಷದವನೂ ಅಜ್ಜಿಯೂ ಸಮಾನ ಆಸಕ್ತಿಯಿಂದ ಕೂರುತ್ತಾರೆ. ಸಂಜೆ 1591ರ ಚಾರ್ಮಿನಾರ್ ಸುತ್ತಮುತ್ತ ಒಂದು ನಡಿಗೆ. ಕಾಚಿಗುಡದ ಕಡೆ ಉಳಿದರೆ ಕರ್ನಾಟಕ ಸಾಹಿತ್ಯ ಮಂದಿರ ಅದೇ ಭಾಗದಲ್ಲಿದೆ. ನಿಜಾಮರ ಕಾಲದಿಂದ ಅಲ್ಲಿ ನೆಲೆಸಿದ ಕನ್ನಡಿಗರ ಬದುಕು ತಿಳಿಯುವ ಆಸೆಯುಳ್ಳವರು ಇಣುಕಿ ಬರಬಹುದು. ಭಾಷೆಯ ತೊಡಕಂತೂ ದಾಂಡೇಲಿಯವರಿಗೆ ಬರಲಾರದು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಎಲ್ಲವೂ ಕಿವಿಗೆ ಬೀಳುವ ಊರಿನ ಜನ ಅವರು.

ಇನ್ನು ಚಿತ್ರನಗರಿಯ ಎರಡು ದಿನ.

ಒಳಗೇ ತಂಗುವುದಾದರೆ ಸಿತಾರಾ ಐಷಾರಾಮಿ ಹೋಟೆಲು, ತಾರಾ ಮಧ್ಯಮ ದರದ್ದು, ಶಾಂತಿನಿಕೇತನ ಕಡಿಮೆ ಖರ್ಚಿನದು. ಶಾಲಾ ಪ್ರವಾಸದಂಥ ದೊಡ್ಡ ಗುಂಪುಗಳಿಗೆ ಸಹಾರಾ. ಕೋಣೆ, ಊಟ, ಪ್ರವೇಶ ಸೇರಿಸಿದ ಪ್ಯಾಕೇಜುಗಳಿವೆ, ದರ ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ದುಡ್ಡು ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಲೇಬೇಕು. ಎರಡನೆಯ ದಿನದ ಪ್ರವೇಶ ಇದರಲ್ಲಿ ಸೇರಿದೆಯೇ? ಜಿಎಸ್‌ಟಿ ಸೇರಿದ ದರವೇ? ಹೆಚ್ಚುವರಿ ಮಗುವಿಗೆ ಹಾಸಿಗೆಯೇ, ಬರೀ ಊಟವೇ? ಇಂಥ ಉದ್ಯಾನಗಳಲ್ಲಿ ಮಕ್ಕಳ ಟಿಕೆಟ್ಟನ್ನು ಹೆಚ್ಚಾಗಿ ಎತ್ತರ ಅಳೆದು ಕೊಡುತ್ತಾರೆ. ಏಳನೆಯ ತರಗತಿಯ ಹುಡುಗಿ ಸ್ವಲ್ಪ ಎತ್ತರವಿದ್ದರೆ ದೊಡ್ಡವರ ದರವೇ ಬೀಳಬಹುದು, ಬಜೆಟ್ಟಿನಲ್ಲಿ ಹಾಗೇ ಹಿಡಿಯಿರಿ. ಅಜ್ಜಿ ಜೊತೆಯಲ್ಲಿದ್ದರೆ ಎಸಿ ಬಸ್ಸು, ಊಟ ಸೇರಿದ ಮೇಲ್ದರ್ಜೆಯ ಟಿಕೆಟ್ಟಿಗೆ ಕೊಡುವ ಹೆಚ್ಚಿನ ಹಣ ದಂಡವಲ್ಲ. ಉಳಿದವರಿಗೆ ಸಾಮಾನ್ಯ ಟಿಕೆಟ್ ಸಾಕು. ಒಳಗಿನ ಕೋಣೆ ಕೈಗೆಟುಕದಿದ್ದರೆ ಎಲ್‌ಬಿ ನಗರ, ಹಯಾತ್‌ನಗರದ ಕಡೆಯ ಹೋಟೆಲಿನಲ್ಲಿ ಉಳಿದು ಎರಡು ದಿನವೂ ಬೆಳಿಗ್ಗೆ ಬರಬಹುದು; ಆಗ ಎರಡು ಟಿಕೆಟ್ ಕೊಳ್ಳಬೇಕಾಗುತ್ತದೆ, ಒಟ್ಟು ಖರ್ಚು ತುಲನೆ ಮಾಡಿ ನೋಡಿದ ಮೇಲೆ ತೀರ್ಮಾನಿಸುವುದು ಒಳ್ಳೆಯದು.

ಮೊದಲ ದಿನವನ್ನು ಸಿನಿಮಾ ತಯಾರಿಯ ಭಾಗಕ್ಕೇ ಮೀಸಲಿಡಬೇಕು ಎಂಬುದು ಈ ಲೇಖನದ ಒತ್ತಾಯ. ಬಹುತೇಕರು ಆಟದ ತಿರುಗುಯಂತ್ರಗಳ ಕಡೆ ಮೊದಲು ಓಡುತ್ತಾರೆ. ಅಂಥ ಯಂತ್ರಗಳು ವಂಡರ್‌ಲಾದಲ್ಲಿ ಇನ್ನೂ ಚೆನ್ನಾಗಿವೆ. ರಾಮೋಜಿಯಲ್ಲಿ ಮಾತ್ರ ಸಿಗುವುದು ಬೇರೆಯೇ ಇದೆ. ‘ಮೂವಿ ಮ್ಯಾಜಿಕ್’ನ ಆ್ಯಕ್ಷನ್ ಸ್ಟುಡಿಯೊ ಅದರಲ್ಲಿ ಮೊದಲನೆಯದು. ಅಲ್ಲಿ ಪ್ರೇಕ್ಷಕರ ನಡುವಿನಿಂದಲೇ ಒಬ್ಬ ಹುಡುಗಿಯನ್ನು ಕರೆದು ಟಾಂಗಾದ ಮೇಲೆ ಕೂರಿಸುತ್ತಾರೆ, ಲಗಾಮು ಕೈಗೆ ಕೊಡುತ್ತಾರೆ. ಕುದುರೆ ಇಲ್ಲ, ಗಾಡಿ ಮುಂದೆ ಹೋಗುವುದೂ ಇಲ್ಲ; ಗಾಡಿ ಅಲುಗಾಡುತ್ತದೆ, ಕ್ಯಾಮೆರಾ ತಿರುಗುತ್ತದೆ. ಮುಂದಿನ ಕೋಣೆಯಲ್ಲಿ ಇನ್ನು ಕೆಲವರು ಗೊರಸಿನ ಸಪ್ಪಳ, ಚಕ್ರದ ಕಿರುಗುಟ್ಟುವ ಶಬ್ದ ಹುಟ್ಟಿಸುತ್ತಾರೆ. ಕೊನೆಯ ಕೋಣೆಯಲ್ಲಿ ಎಲ್ಲವನ್ನೂ ಕೂಡಿಸಿ ಪರದೆಯ ಮೇಲೆ ತೋರಿಸಿದಾಗ, ಕುಳಿತಲ್ಲೇ ಕುಳಿತಿದ್ದ ಹುಡುಗಿ ಡಕಾಯಿತರಿಂದ ತಪ್ಪಿಸಿಕೊಂಡು ಧೂಳೆಬ್ಬಿಸುತ್ತ ಓಡುತ್ತಿರುತ್ತಾಳೆ.

ಅದು ‘ಶೋಲೆ’ಯ ಬಸಂತಿಯ ಟಾಂಗಾ ದೃಶ್ಯದ ಅನುಕರಣೆ. 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರದ ರಾಮಗಢ ಎಂಬ ಹಳ್ಳಿ ಬೆಂಗಳೂರು–ಮೈಸೂರು ಹೆದ್ದಾರಿಯ ನಮ್ಮ ರಾಮನಗರದ ಬಂಡೆಗಳ ನಡುವೆ ಹುಟ್ಟಿದ್ದು ಎಂಬುದನ್ನು ಮಕ್ಕಳಿಗೆ ಹೊರಡುವ ಮುನ್ನವೇ ಹೇಳಬೇಕು, ಆ ದೃಶ್ಯವನ್ನೂ ಮನೆಯಲ್ಲಿ ಒಮ್ಮೆ ತೋರಿಸಬೇಕು. ಆಗ ಅವರಿಗೆ ಒಂದೇ ದೃಶ್ಯ ಎರಡು ಬಗೆಯಲ್ಲಿ ಅರ್ಥವಾಗುತ್ತದೆ: ನಿಜವಾದ ಬಂಡೆ, ನಿಜವಾದ ಕುದುರೆ ಇಟ್ಟುಕೊಂಡು ತೆಗೆದದ್ದು ಒಂದು, ಒಂದು ಕೋಣೆಯೊಳಗೆ ಕಟ್ಟಿದ್ದು ಇನ್ನೊಂದು. ಕ್ಯಾಮೆರಾ, ಶಬ್ದ, ಸಂಕಲನ ಎಂಬ ಮೂರು ಕಸುಬುಗಳು ಹೇಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ ಎಂದು ಹನ್ನೆರಡು ವರ್ಷದ ಮಗುವಿಗೆ ಅರ್ಧ ಗಂಟೆಯಲ್ಲಿ ಕಲಿಸುವ ಇಂಥ ಜಾಗ ನಮ್ಮ ಸುತ್ತಮುತ್ತ ಇನ್ನೊಂದಿಲ್ಲ. ಪ್ರದರ್ಶನಕ್ಕೆ ಮೊದಲ ಸಾಲುಗಳಲ್ಲಿ ಕೂತರೆ ಕರೆ ಬರುವ ಸಾಧ್ಯತೆ ಹೆಚ್ಚು. ನಾಚಿಕೆಯ ಮಕ್ಕಳಿಗೆ ಹಿಂದಿನ ರಾತ್ರಿಯೇ ಸ್ವಲ್ಪ ಧೈರ್ಯ ತುಂಬಿ.

ಅಲ್ಲಿಂದ ಸ್ಟುಡಿಯೊ ಸುತ್ತಿಸುವ ಬಸ್ಸು. ವಿಮಾನ ನಿಲ್ದಾಣ, ಆಸ್ಪತ್ರೆ, ಜೈಲು, ರೈಲು ನಿಲ್ದಾಣ, ವಿದೇಶಿ ಬೀದಿ, ಪುರಾಣ ಧಾರಾವಾಹಿಯ ಅರಮನೆ ಒಂದಾದ ಮೇಲೊಂದು ಬರುತ್ತವೆ. ಮುಂದಿನಿಂದ ದೊಡ್ಡ ಕಟ್ಟಡ, ಹಿಂದಿನಿಂದ ಕಬ್ಬಿಣದ ಆಸರೆ. ಬಸ್ಸಿನಲ್ಲಿ ಯಾವ ಬದಿ ಕೂತರೂ ನಡೆಯುತ್ತದೆ, ಕಟ್ಟಡದ ಹಿಂಬದಿ ನೋಡುವುದನ್ನು ಮಾತ್ರ ಮರೆಯಬಾರದು. ಬಾಹುಬಲಿಯ ಮಾಹಿಷ್ಮತಿ ಈ ಸುತ್ತಾಟದ ದೊಡ್ಡ ಆಕರ್ಷಣೆ. 2015 ಮತ್ತು 2017ರ ಎರಡು ಭಾಗಗಳಿಗೆ ಕಲಾ ನಿರ್ದೇಶಕ ಸಾಬು ಸಿರಿಲ್ ತಂಡ ರೂಪಿಸಿದ ಸೆಟ್ಟನ್ನು ಪ್ರವಾಸಿಗರಿಗಾಗಿ ಉಳಿಸಿಕೊಳ್ಳಲಾಗಿದೆ. ಕೆಲವು ಮಕ್ಕಳಿಗೆ ಇಲ್ಲಿ ನಿರಾಸೆಯೂ ಆಗುತ್ತದೆ, ಏಕೆಂದರೆ ಪರದೆಯ ಮೇಲೆ ಕಂಡ ಎತ್ತರ, ವಿಸ್ತಾರದ ಬಹುಪಾಲು ಕಂಪ್ಯೂಟರಿನಲ್ಲಿ ಸೇರಿದ್ದು. ಆ ನಿರಾಸೆಯನ್ನೇ ಹಿಡಿದು ಮಾತು ಬೆಳೆಸಬಹುದು: ಇಲ್ಲಿರುವುದೆಷ್ಟು, ಆಮೇಲೆ ಸೇರಿದ್ದೆಷ್ಟು, ಫೋನಿನಲ್ಲಿ ಒಂದು ದೃಶ್ಯ ತೆರೆದು ಹೋಲಿಸಿ ನೋಡಿ. ಎಲ್ಲಾದರೂ ನಿಜವಾದ ಚಿತ್ರೀಕರಣ ನಡೆಯುತ್ತಿದ್ದರೆ ಆ ಭಾಗಕ್ಕೆ ಬಿಡುವುದಿಲ್ಲ. ನಟರನ್ನು ನೋಡುತ್ತೇವೆಂಬ ಆಸೆಯನ್ನು ಮಕ್ಕಳಲ್ಲಿ ಬಿತ್ತದಿರುವುದೇ ಒಳ್ಳೆಯದು.

ಬೇಲಿ ಹಾಕಿದ ಸ್ಟುಡಿಯೊದೊಳಕ್ಕೆ ಜನರನ್ನು ಟಿಕೆಟ್ಟಿಗೆ ಬಿಡುವ ಪದ್ಧತಿ ಹಳೆಯದು. ಅಮೆರಿಕದ ಯೂನಿವರ್ಸಲ್ ಸಿಟಿ 1915ರಲ್ಲಿ ಬಾಗಿಲು ತೆರೆದಾಗಲೇ ಚಿತ್ರೀಕರಣ ನೋಡಲು ಜನರನ್ನು ಬಿಡುತ್ತಿತ್ತು. ಧ್ವನಿ ಬಂದ ಮೇಲೆ ಸೆಟ್ಟಿನಲ್ಲಿ ಸದ್ದು ಮಾಡುವಂತಿರಲಿಲ್ಲ, ಜನರ ಪ್ರವೇಶ ನಿಂತಿತು. ಮತ್ತೆ ಬಸ್ಸಿನಂಥ ಟ್ರಾಮಿನಲ್ಲಿ ಸುತ್ತಿಸುವ ಏರ್ಪಾಡು ಶುರುವಾದದ್ದು 1964ರಲ್ಲಿ. ಈಗ ಸಿಂಗಪುರದಲ್ಲಿರುವ ಯೂನಿವರ್ಸಲ್ ಉದ್ಯಾನಕ್ಕೆ ನಮ್ಮವರೂ ಹೋಗುತ್ತಾರೆ. ಆದರೆ ಅದು ಬರೀ ಉದ್ಯಾನ. ರಾಮೋಜಿಯಲ್ಲಿ ಗೋಡೆಯಾಚೆ ನಿಜವಾಗಿ ಸಿನಿಮಾ ಕೆಲಸ ನಡೆಯುತ್ತಿರುತ್ತದೆ.

ಎರಡನೆಯ ದಿನ ನಿಧಾನಕ್ಕೆ. ಬೆಳಗಿನ ತಂಪಿನಲ್ಲಿ ಹಕ್ಕಿಗಳ ಉದ್ಯಾನ, ಚಿಟ್ಟೆಗಳ ಉದ್ಯಾನ, ಬೋನ್ಸಾಯ್ ತೋಟ; ಅಜ್ಜಿಗೆ ಅತ್ಯಂತ ಹಿಡಿಸುವುದು ಇವೇ. ಐದು ವರ್ಷದವನಿಗೆ ‘ಫಂಡುಸ್ತಾನ್’ ಎಂಬ ಮಕ್ಕಳ ಆವರಣ. ‘ಬೊರಾಸುರ’ ಎಂಬ ಭಯದ ಗುಹೆಗೆ ಅವನನ್ನು ಒಯ್ಯಬೇಡಿ, ಅಕ್ಕ ಅಪ್ಪನ ಜೊತೆ ಹೋಗಿಬರಲಿ. ಕೌಬಾಯ್ ಸಾಹಸ ಪ್ರದರ್ಶನ, ನೃತ್ಯದ ವೇದಿಕೆ ಕಾರ್ಯಕ್ರಮಗಳಿಗೆ ನಿಗದಿತ ಹೊತ್ತುಗಳಿವೆ. ಒಳಬರುವಾಗಲೇ ದಿನದ ವೇಳಾಪಟ್ಟಿಯ ಫೋಟೊ ತೆಗೆದುಕೊಂಡು, ಎರಡು ಪ್ರದರ್ಶನಗಳ ನಡುವೆ ಊಟ ಹೊಂದಿಸಿ. ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹೋಗುತ್ತಾರೆ, ಹನ್ನೆರಡಕ್ಕೇ ಉಂಡವರಿಗೆ ನೂಕುನುಗ್ಗಲು ಕಡಿಮೆ. ಹಬ್ಬ, ರಜಾ ಹಂಗಾಮಿನಲ್ಲಿ ಸಂಜೆಯ ದೀಪಾಲಂಕಾರ, ಮೆರವಣಿಗೆಯ ಕಾರ್ನಿವಲ್ ಇರುತ್ತದೆ. ಅದನ್ನು ನೋಡುವ ಆಸೆಯಿದ್ದರೆ ಆ ಮಧ್ಯಾಹ್ನ ಮಕ್ಕಳಿಗೆ ಕೋಣೆಯಲ್ಲಿ ಎರಡು ತಾಸು ನಿದ್ದೆ ಬೇಕೇ ಬೇಕು. ಒಳಗೆ ತಂಗಿದವರಿಗೆ ಇರುವ ನಿಜವಾದ ಅನುಕೂಲ ಇದು.

ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ರೈಲಿಗೆ ಚೆನ್ನ. ಚಿತ್ರನಗರಿಯೊಳಗೆ ಹೊರಗಿನ ತಿಂಡಿಗೆ ನಿರ್ಬಂಧವಿದೆ. ಕೂಸಿನ ಆಹಾರ, ಸಕ್ಕರೆ ಕಾಯಿಲೆಯವರ ತಿನಿಸು ಒಯ್ಯಬೇಕಾದವರು ಬುಕಿಂಗ್ ಮಾಡುವಾಗಲೇ ಕೇಳಿ ಒಪ್ಪಿಗೆ ಪಡೆದರೆ ಬಾಗಿಲಲ್ಲಿ ವಾದ ತಪ್ಪುತ್ತದೆ. ಕಾಲಿಗೆ ಹೊಸ ಚಪ್ಪಲಿ ಬೇಡ, ತಲೆಗೆ ಟೋಪಿ ಬೇಕು. ದಪ್ಪ ಸ್ವೆಟರಿನ ಅಗತ್ಯ ಡಿಸೆಂಬರಿನ ಬೆಳಗಿನ ಹೊತ್ತಿಗೆ ಮಾತ್ರ. ಗುಂಪಿನಲ್ಲಿ ಮಕ್ಕಳು ತಪ್ಪಿಸಿಕೊಂಡರೆ ಸೇರುವ ಜಾಗ ‘ಯುರೇಕಾ’ದ ಮುಖ್ಯ ದ್ವಾರ ಎಂದು ಮೊದಲೇ ನಿಗದಿ ಮಾಡಿ, ಚಿಕ್ಕವನ ಜೇಬಿನಲ್ಲಿ ಅಪ್ಪನ ಫೋನ್ ನಂಬರಿನ ಚೀಟಿ ಇರಲಿ.

ಮೂರನೆಯ ದಿನ ಉಳಿಸಿಕೊಂಡವರು ಗೋಲ್ಕೊಂಡ ಕೋಟೆ ನೋಡಬಹುದು. ನೀರಾಟ, ಎತ್ತರದ ಯಂತ್ರಗಳೇ ಬೇಕೆನ್ನುವ ಹರೆಯದ ಮಕ್ಕಳಿದ್ದರೆ ಹೊರವರ್ತುಲ ರಸ್ತೆಯ ರಾವಿರಾಲದ ವಂಡರ್‌ಲಾ ಇದೆ, 2016ರಲ್ಲಿ ಆರಂಭವಾದದ್ದು. ಚಿತ್ರನಗರಿಯ ಎರಡು ದಿನದಲ್ಲಿ ಒಂದನ್ನು ಕತ್ತರಿಸಿ ಇದನ್ನು ತುರುಕುವುದು ಮಾತ್ರ ಬೇಡ.

ಮರಳುವ ಟಿಕೆಟ್ಟನ್ನು ಹೋಗುವ ಟಿಕೆಟ್ಟಿಗಿಂತ ಹೆಚ್ಚು ಯೋಚಿಸಿ ಮಾಡಿಸಬೇಕು. ರೈಲು ನಡುರಾತ್ರಿ ಹುಬ್ಬಳ್ಳಿ ಮುಟ್ಟಿದರೆ ದಾಂಡೇಲಿ, ಮುಂಡಗೋಡದ ಕಡೆಗೆ ಬಸ್ಸು ಸಿಗುವುದು ನಸುಕಿಗೇ. ಜೋಯಿಡಾದ ಹಳ್ಳಿಗಳಿಗೆ ಹೋಗುವವರಂತೂ ಮತ್ತೆ ದಾಂಡೇಲಿಯಲ್ಲಿ ಇಳಿದು ಕಾಯಬೇಕು. ಅಂಥ ಹೊತ್ತಿನ ರೈಲೇ ಗತಿಯಾದರೆ ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು ಟಿಕೆಟ್ಟಿನ ಜೊತೆಗೇ ಕಾಯ್ದಿರಿಸಬಹುದು. ಇಲ್ಲವೇ ಬೆಳಿಗ್ಗೆ ಹುಬ್ಬಳ್ಳಿ ತಲುಪಿಸುವ ರಾತ್ರಿ ಬಸ್ಸು ಹಿಡಿದರೆ ಹನ್ನೊಂದರೊಳಗೆ ಬಂಗೂರನಗರದಲ್ಲಿ ಇಳಿಯಬಹುದು. ಮೊದಲ ಪಾಳಿಯಲ್ಲಿ ಕೆಲಸವಿರುವವರು ಆ ದಿನವನ್ನೂ ರಜೆಯ ಅರ್ಜಿಯಲ್ಲೇ ಬರೆದುಕೊಡಲಿ.